ಅಂಟಿದ ಹಾಳೆಗಳು

ಚಹಾ ಸೋಸಿದ ಜರಡಿಯನ್ನು ನಲ್ಲಿಯ ಕೆಳಗೆ ಹಿಡಿದು ಹೆಬ್ಬೆರಳಿನಿಂದ ಉಜ್ಜಲು ಹೊರಟ ರತ್ನಮ್ಮನ ಕೈ ತಟಕ್ಕನೆ ನಿಂತಿತು. ಜರಡಿಯಲ್ಲಿ ಚರಟವೇ ಇರಲಿಲ್ಲ. ಈಗಷ್ಟೇ ಕುದಿಸಿ, ಸೋಸಿ, ಮಗಳಿಗೊಂದು ಲೋಟ ಕೊಟ್ಟು, ತಾನೊಂದು ಲೋಟ ಕುಡಿದು, ಬಾಲ್ಕನಿಯಿಂದ ಒಣಗಿದ ಬಟ್ಟೆ ತರುವಷ್ಟರಲ್ಲಿ ಅದು ಎಲ್ಲಿ ಹೋಯಿತು? ಕಸದ ಬುಟ್ಟಿಯಲ್ಲಿ ಕೈಯಾಡಿಸಿದಳು, ಅಲ್ಲೂ ಇಲ್ಲ. ನಿನ್ನೆ ಈರುಳ್ಳಿ ಸಿಪ್ಪೆ ಹೀಗೆಯೇ ಹೋಗಿತ್ತು. ಅದಕ್ಕೂ ಮುಂಚೆ ಅವಳ ಹಳೆಯ ಸೀರೆಯ ಅಂಚಿನಿಂದ ಗೇಣುದ್ದದ ಜರಿಯನ್ನು ಯಾರೋ ನಾಜೂಕಾಗಿ ಬಿಡಿಸಿಕೊಂಡಿದ್ದರು. ಕುಂಕುಮದ ಭರಣಿ ತಾನಾಗಿಯೇ ತಗ್ಗುತ್ತಿತ್ತು. ಊರಿನಲ್ಲಾಗಿದ್ದರೆ, ಮನೆಯಿಂದ ಸೆರಗಿನ ಚೂರು, ಕುಂಕುಮ ಎಂದು ಒಂದೊಂದೇ ಕಾಣೆಯಾದರೆ ಹೆಂಗಸರು ದನಿ ತಗ್ಗಿಸಿ, ಯಾರೋ ಮಾಟ ಮಾಡಿಸುತ್ತಿದ್ದಾರೆ ಎನ್ನುತ್ತಿದ್ದರು. ಇಲ್ಲಿ, ದಿಲ್ಲಿಯ ಓಲ್ಡ್ ರಾಜಿಂದರ್ ನಗರದ ಈ ಮೂರನೆಯ ಮಹಡಿಯ ಒಂದೇ ಕೋಣೆಯಲ್ಲಿ, ಇರುವುದು ಇಬ್ಬರೇ. ತಾನಲ್ಲದಿದ್ದರೆ ಹರಿಣಿ. ಮಗಳು ಕಿಟಕಿಯ ಬಳಿ ಮೇಜಿನ ಮೇಲೆ ಬಾಗಿ, ಬೆನ್ನು ಈ ಕಡೆ ಮಾಡಿ ಕೂತಿದ್ದಳು. ಓದುವವರ ಬೆನ್ನು ಹೀಗಿರುತ್ತದೆಯೆ? ಓದುವವರ ಮೊಣಕೈ ಹೀಗೆ ಮುಂದಕ್ಕೂ ಹಿಂದಕ್ಕೂ ಆಡುತ್ತದೆಯೆ?

“ಚರಟ ಎಲ್ಲಿ ಹೋಯ್ತೇ?”

“ಯಾವ್ ಚರಟ?”

“ಚಹಾದ್ದು ಕಣೆ.”

“ಇಲ್ಲೇ ಎಲ್ಲೋ ಹೋಗಿರುತ್ತೆ ಬಿಡಮ್ಮ. ಅದಕ್ಕೂ ಲೆಕ್ಕ ಕೊಡ್ಬೇಕಾ?”

ಲೆಕ್ಕ ಎಂಬ ಮಾತು ರತ್ನಮ್ಮನಿಗೆ ಚುಚ್ಚಿತು. ಹುಡುಗಿಗೆ ಗೊತ್ತಾಗಿಬಿಟ್ಟಿದೆಯೋ ಏನೋ. ಈ ಬೀದಿಯಲ್ಲಿ ಅವಳಂಥ ತಾಯಂದಿರು ಬೇಕಾದಷ್ಟು ಜನ ಇದ್ದರು. ಬಿಹಾರದವರು, ಆಂಧ್ರದವರು, ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುವ ಮಕ್ಕಳಿಗೆ ಹೊಟ್ಟೆ ಕೆಡಬಾರದೆಂದು ಗಂಡನನ್ನೂ ಮನೆಯನ್ನೂ ಬಿಟ್ಟು ಬಂದು ಬಾಡಿಗೆ ಕೋಣೆಯ ಮೂಲೆಯಲ್ಲಿ ಗ್ಯಾಸ್ ಒಲೆ ಹೂಡಿಕೊಂಡವರು. ಬೆಳಿಗ್ಗೆ ತರಕಾರಿ ಗಾಡಿಯ ಸುತ್ತ ಎಲ್ಲರೂ ನಿಲ್ಲುವರು. ಭಾಷೆ ಬಾರದಿದ್ದರೂ ಒಬ್ಬರ ಮುಖ ಒಬ್ಬರು ನೋಡಿ, ನಿಮ್ಮದು ಎಷ್ಟನೆಯ ಸಲ ಎಂದು ಬೆರಳಿನಲ್ಲೇ ಕೇಳಿಕೊಳ್ಳುವರು. ಅವರೆಲ್ಲ ಅಡುಗೆ ಮಾಡಲು ಬಂದವರು. ರತ್ನಮ್ಮ ಅಡುಗೆ ಮಾಡಲೂ ಬಂದಿದ್ದಳು. ಹೊರಡುವ ದಿನ ಪ್ಲಾಟ್‌ಫಾರಂ ಮೇಲೆ ಹರಿಣಿ ನೀರಿನ ಬಾಟಲಿ ತರಲು ಹೋದಾಗ ಅವಳ ಗಂಡ ಈಶ್ವರಪ್ಪನವರು ಕೈಚೀಲದೊಳಗೆ ಇನ್‌ಲ್ಯಾಂಡ್ ಲೆಟರುಗಳ ಒಂದು ಕಟ್ಟನ್ನು ತುರುಕಿ, “ಫೋನಲ್ಲಿ ಅವಳ ಮುಂದೆ ಮಾತಾಡೋಕಾಗಲ್ಲ. ನಿಜವಾಗ್ಲೂ ಓದ್ತಿದಾಳಾ ಇಲ್ವಾ, ಕಣ್ಣಾರೆ ನೋಡಿ ನಂಗೆ ಬರಿ. ಓದ್ತಿದ್ರೆ ಸರಿ. ಇಲ್ಲಾಂದ್ರೆ ಚಳ್ಳಕೆರೆಯವರಿಗೆ ಹೂಂ ಅಂದ್ಬಿಡ್ತೀನಿ,” ಎಂದಿದ್ದರು. ಚಳ್ಳಕೆರೆಯವರೆಂದರೆ ಎಣ್ಣೆ ಮಿಲ್ಲಿನವರು. ಹುಡುಗ ಒಳ್ಳೆಯವನೇ, ಆದರೆ ಹೆಣ್ಣು ನೋಡಲು ಬಂದ ದಿನ ಹರಿಣಿ ಅವನ ಮುಂದೆ ತಟ್ಟೆ ಇಟ್ಟು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಿದ್ದಳು. ಅದನ್ನು ಕಂಡವಳು ರತ್ನಮ್ಮ ಒಬ್ಬಳೇ. ಇನ್‌ಲ್ಯಾಂಡುಗಳ ಮೇಲೆಲ್ಲ ಗಂಡನೇ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಹೊಸದುರ್ಗದ ವಿಳಾಸ ಬರೆದಿಟ್ಟಿದ್ದರು. ನಿನ್ನ ಅಕ್ಷರ ನೋಡಿದ್ರೆ ಪೋಸ್ಟ್‌ಮ್ಯಾನ್ ನಗ್ತಾನೆ ಅಂತ, ಎಂದು ತಾವೇ ನಕ್ಕಿದ್ದರು. ಇಬ್ಬರು ಮಕ್ಕಳಾದ ಮೇಲೆ, ಸಾಕ್ಷರತೆಯ ರಾತ್ರಿ ಶಾಲೆಯಲ್ಲಿ ಅ ಆ ಕಲಿತವಳ ಅಕ್ಷರ ಇನ್ನು ಹೇಗಿರುತ್ತದೆ?

ಬಂದು ಆಷಾಢ ಕಳೆಯಿತು, ಶ್ರಾವಣ ಕಳೆಯಿತು, ಗಣಪತಿಯೂ ನೀರಿಗೆ ಹೋಯಿತು. ಒಂದು ಕಾಗದವೂ ಹೋಗಿರಲಿಲ್ಲ. ಬರೆಯಲು ಕೂತರೆ ‘ಇತ್ತ ಎಲ್ಲ ಕ್ಷೇಮ’ ಎಂಬಲ್ಲಿಗೆ ಪೆನ್ನು ನಿಲ್ಲುತ್ತಿತ್ತು. ಓದುತ್ತಿದ್ದಾಳೆ ಎನ್ನಲು ಅವಳಿಗೇ ನಂಬಿಕೆ ಇರಲಿಲ್ಲ. ಓದುತ್ತಿಲ್ಲ ಎಂದರೆ ಚಳ್ಳಕೆರೆ. ಕೆಂಪು ಪುಸ್ತಕ ಕಣ್ಣಿಗೆ ಬಿದ್ದ ಮೇಲಂತೂ ಕ್ಷೇಮ ಎಂಬುದನ್ನೂ ಬರೆಯಲು ಕೈ ಬರಲಿಲ್ಲ.

ಕೆಂಪು ರೆಕ್ಸಿನ್ ರಟ್ಟಿನ ಆ ದಪ್ಪ ಇಂಗ್ಲಿಷ್ ಪುಸ್ತಕ ಈಶ್ವರಪ್ಪನವರದು. ಅವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ದೊಡ್ಡ ಪರೀಕ್ಷೆ ಕಟ್ಟಿ, ಪಾಸಾಗದೆ, ಮತ್ತೆ ಕಟ್ಟಿ, ಕಡೆಗೆ ವಯಸ್ಸು ಮೀರಿ ಬಿಟ್ಟದ್ದು. ಆ ವರ್ಷಗಳುದ್ದಕ್ಕೂ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದೆಳೆದು ಓದಿದ್ದು. ಆಯುಧಪೂಜೆಯ ದಿನ ದೇವರ ಮುಂದೆ ಆ ಪುಸ್ತಕಕ್ಕೇ ಮೊದಲ ಹೂವು. ಮಗಳು ದಿಲ್ಲಿಗೆ ಹೊರಟಾಗ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದರು. ದೇಶಗಳ ಹೆಸರೇ ಬದಲಾಗಿವೆ ಅಪ್ಪ, ಈ ಪುಸ್ತಕ ಈಗ ಉಪಯೋಗಕ್ಕೆ ಬರಲ್ಲ ಎಂದು ಹರಿಣಿ ಹೇಳಿದರೂ ಕೇಳಿರಲಿಲ್ಲ. ಆ ಚರಟ ಕಾಣೆಯಾದ ಮಾರನೆಯ ದಿನ ಹಾಸಿಗೆ ಕೊಡವುವಾಗ ಅದು ದಿಂಬಿನ ಕೆಳಗೆ ಸಿಕ್ಕಿತು. ರತ್ನಮ್ಮ ಮೊದಲು ಗುರುತೇ ಹಿಡಿಯಲಿಲ್ಲ. ಪುಸ್ತಕ ಊದಿಕೊಂಡಿತ್ತು, ನೀರಿಗೆ ಬಿದ್ದವರ ಮೈ ಊದಿಕೊಳ್ಳುವ ಹಾಗೆ. ಬಿಡಿಸಿದರೆ ಒಳಗೆ ಅಚ್ಚಿನ ಮೇಲೆಲ್ಲ ಬಿಳಿ ಬಳಿದು, ಅದರ ಮೇಲೆ ಕಂದು ಬಣ್ಣ, ಚಹಾದ ವಾಸನೆ. ಒಂದು ಹಾಳೆಯ ನಡುವೆ ಚೌಕವಾಗಿ ಕತ್ತರಿಸಿ ಕಿಟಕಿ ಮಾಡಿ, ಅದಕ್ಕೆ ಅವಳ ಸೀರೆಯ ಜರಿಯನ್ನೇ ಸರಳಿನ ಹಾಗೆ ಹೊಲಿದಿತ್ತು. ಆ ಕಿಟಕಿಯ ಆಚೆ, ಮುಂದಿನ ಹಾಳೆಯಲ್ಲಿ, ಡಿಟಿಸಿ ಸಿಟಿ ಬಸ್ಸಿನ ಟಿಕೆಟ್ಟುಗಳನ್ನು ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಅಂಟಿಸಿತ್ತು. ಇನ್ನೊಂದು ಪುಟದಲ್ಲಿ ಕುಂಕುಮ. ಗಂಡನ ಕೆಂಪು ಗೆರೆ ಬಿದ್ದ ಮಾತುಗಳನ್ನು ಮಾತ್ರ ಬಿಟ್ಟು ಉಳಿದದ್ದಕ್ಕೆಲ್ಲ ಕಪ್ಪು ಬಳಿದ ಪುಟಗಳೂ ಇದ್ದವು. ಆ ಮಾತುಗಳು ಏನನ್ನುತ್ತವೆ? ಇಂಗ್ಲಿಷಿನಲ್ಲಿ ಅಪ್ಪನಿಗೆ ಬೈದಿರಬಹುದೆ? ಅವಳನ್ನು ಎಲ್ಲಕ್ಕಿಂತ ಕಾಡಿದ್ದು ಬೇರೆ. ಹಾಳೆಗಳನ್ನು ಎರಡು ಮೂರು ಸೇರಿಸಿ, ನಾಲ್ಕೂ ಅಂಚಿಗೆ ಅಂಟು ಹಚ್ಚಿ ಮುಚ್ಚಿಬಿಟ್ಟಿತ್ತು. ಒಳಗೇನೂ ಇಲ್ಲದಿದ್ದರೆ ಯಾರಾದರೂ ಮುಚ್ಚುತ್ತಾರೆಯೆ?

ಪೃಥ್ವಿಯ ಮೇಲೆ ಅನುಮಾನ ಮೂಡಿದ್ದು ಆಗಲೇ. ಹಾಸನದ ಹುಡುಗ, ಹರಿಣಿಯ ಕೋಚಿಂಗ್ ಕ್ಲಾಸಿನವನೇ, ಎರಡು ಬೀದಿ ಆಚೆ ಇದ್ದ. ನೋಟ್ಸ್ ಕೊಡುವ ನೆಪದಲ್ಲಿ ವಾರಕ್ಕೊಮ್ಮೆಯಾದರೂ ಮೆಟ್ಟಿಲು ಹತ್ತಿ ಬರುತ್ತಿದ್ದ. ಮೊನ್ನೆ ಹರಿಣಿ ಇಲ್ಲದಾಗ ಬಂದವನ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಒಂದಿತ್ತು.

“ಏನಪ್ಪ ಅದು?”

“ಕಸ, ಆಂಟಿ.”

“ಕಸ ಹೊತ್ಕೊಂಡು ಮೂರು ಮಹಡಿ ಹತ್ತಿ ಬಂದ್ಯಾ?”

“ಹರಿಣಿ ಕೇಳಿದ್ಲು. ಮಿಠಾಯಿ ಡಬ್ಬಿ ಜರಿಕಾಗದ, ಬಸ್ ಟಿಕೆಟ್ಟು... ನಮ್ಮ ರೂಮಲ್ಲಿ ಬೇಜಾನ್ ಇದ್ವು.” ಹುಡುಗ ತಲೆ ಕೆರೆದುಕೊಂಡು ನಕ್ಕ. “ಆಂಟಿ, ಒಗ್ಗರಣೆ ವಾಸನೆ ಬರ್ತಿದೆ. ಉಪ್ಪಿಟ್ಟಾ?”

“ಉಪ್ಪಿಟ್ಟು ಮುಗೀತು,” ಎಂದಳು ರತ್ನಮ್ಮ, ಬಾಣಲೆಯ ಮೇಲೆ ಮುಚ್ಚಳ ಎಳೆದು. ಅವನು ಹೋದ ಮೇಲೆ ಚೀಲವನ್ನು ಚಾಪೆಯ ಮೇಲೆ ಸುರಿದು ಒಂದೊಂದು ಟಿಕೆಟ್ಟನ್ನೂ ತಿರುಗಿಸಿ ನೋಡಿದಳು. ಹಿಂದುಗಡೆ ಏನೂ ಬರೆದಿರಲಿಲ್ಲ. ಬರೆದಿಲ್ಲ ಎಂಬುದೇ ಅವಳಿಗೆ ಇನ್ನಷ್ಟು ಅನುಮಾನ ತಂದಿತು. ಹಸಿದ ಹುಡುಗನನ್ನು ಹಾಗೆ ಕಳಿಸಿದೆನಲ್ಲ ಎಂಬುದು ಅನ್ನ ಬಡಿಸಿಕೊಳ್ಳುವ ಹೊತ್ತಿಗೆ ನೆನಪಾಗಿ ಅರ್ಧ ಅನ್ನವನ್ನು ಪಾತ್ರೆಗೇ ವಾಪಸು ಹಾಕಿದಳು.

ಶುಕ್ರವಾರ ಸಂಜೆ ಹರಿಣಿಯ ಮೊಬೈಲಿಗೆ ಈಶ್ವರಪ್ಪನವರ ಕರೆ ಬರುವುದು ವಾಡಿಕೆ. ಈ ಶುಕ್ರವಾರವೂ ಬಂತು. ಮಗಳೊಡನೆ ಎರಡು ಮಾತಾಡಿ, ಅಮ್ಮನಿಗೆ ಕೊಡು ಎಂದರು.

“ಪಕ್ಕದಲ್ಲೇ ಇದಾಳಾ?”

“ಹೂಂ.”

“ಹಂಗಾದ್ರೆ ಬರೀ ಹೂಂ, ಊಹೂಂ ಅನ್ನು ಸಾಕು. ಓದ್ತಿದಾಳಾ?”

“ಇಲ್ಲಿ ಸೆಕೆ ಇನ್ನೂ ಇಳಿದಿಲ್ಲ ನೋಡಿ,” ಎಂದಳು ರತ್ನಮ್ಮ.

“ನಾನ್ ಕೇಳಿದ್ದೇನು, ನೀನ್ ಹೇಳ್ತಿರೋದೇನು! ಚಳ್ಳಕೆರೆಯಿಂದ ಮತ್ತೆ ಹೇಳಿ ಕಳಿಸಿದ್ರು. ದೀಪಾವಳಿ ಒಳಗೆ ಒಂದು ಮಾತು ಬೇಕಂತೆ. ಕಾಗದ ಯಾಕೆ ಹಾಕ್ಲಿಲ್ಲ? ನಿನ್ನ ಹತ್ರ ಅದೊಂದು ಕೆಲ್ಸಾನೂ ಆಗಲ್ವಾ?”

“ಹಾಕ್ತೀನಿ.”

ಫೋನು ವಾಪಸು ತೆಗೆದುಕೊಳ್ಳುತ್ತ ಹರಿಣಿ, “ಏನಂತೆ ಅಪ್ಪ?” ಎಂದಳು.

“ಸೆಕೆ ವಿಚಾರಿಸಿದ್ರು.”

“ಅಚ್ಛಾ! ನಮ್ಮ ಸೆಕೆ ವಿಚಾರಿಸೋಕೆ ಎಸ್‌ಟಿಡಿ ಮಾಡ್ತಾರಾ ಅಪ್ಪ? ಪಾಪ.” ಹುಡುಗಿ ಫಕ್ಕನೆ ನಕ್ಕಳು. ಆ ನಗುವಿನಲ್ಲಿ ಏನೋ ಇತ್ತು.

ಭಾನುವಾರ ಟೆಸ್ಟ್ ಇದೆಯೆಂದು ಹರಿಣಿ ಹೊರಗೆ ಹೋದಳು. ಭಾನುವಾರವೂ ಎಂಥ ಟೆಸ್ಟ್ ಎಂದು ರತ್ನಮ್ಮ ಕೇಳಲಿಲ್ಲ. ಮಗಳ ಚಪ್ಪಲಿಯ ಸದ್ದು ಕೆಳಗಿನ ಗೇಟು ದಾಟುವವರೆಗೆ ಬಾಗಿಲ ಹಿಂದೆ ನಿಂತಿದ್ದು, ಇಡ್ಲಿ ಪಾತ್ರೆಗೆ ನೀರು ಹಾಕಿ ಒಲೆಯ ಮೇಲಿಟ್ಟಳು. ಮೈದಾ ಅಂಟು ಆವಿಗೆ ಬಿಡುತ್ತದೆ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳ ಅಣ್ಣನ ಕಾಗದ ಬಂದರೆ ಈಶ್ವರಪ್ಪನವರೇ ಒಡೆದು ಓದಿ ಹೇಳುತ್ತಿದ್ದರು. ಕಾಗದ ಎರಡು ಮಗ್ಗುಲು ತುಂಬ ಇರುತ್ತಿತ್ತು, ಅವರು ಹೇಳುವುದು ನಾಲ್ಕು ಮಾತು. ಅಷ್ಟೇನಾ, ಎಂದರೆ, ಅಷ್ಟೇ, ಎನ್ನುವರು. ಒಲೆಯ ಮುಂದೆ ಕೂತು ಅವಳು ಆ ಅಷ್ಟೇ ಎಂಬುದರ ಹಿಂದೆ ಏನೆಲ್ಲ ಇರಬಹುದೆಂದು ಊಹಿಸಿಕೊಳ್ಳುತ್ತಿದ್ದಳು. ಅಮ್ಮನಿಗೆ ಹುಷಾರಿಲ್ಲ, ಅಮ್ಮ ಕರೆಯುತ್ತಿದ್ದಾಳೆ, ಅಮ್ಮ ಹೋದಳು. ಅಮ್ಮ ಆಮೇಲೆ ಬಹಳ ವರ್ಷ ಗಟ್ಟಿಯಾಗಿಯೇ ಇದ್ದಳು. ಆದರೆ ಮುಚ್ಚಿದ್ದನ್ನು ಕಂಡರೆ ಒಳಗೆ ಕೆಟ್ಟದ್ದೇ ಇದೆ ಎನ್ನುವ ಅಭ್ಯಾಸ ಅವಳಿಗೆ ಅಲ್ಲಿಂದ ಬಂದದ್ದು ಹೋಗಲೇ ಇಲ್ಲ, ಅಕ್ಷರ ಬಂದ ಮೇಲೂ. ನೀರು ಮರಳಿತು. ಆವಿಯ ಮೇಲೆ ಪುಸ್ತಕವನ್ನು ಬೋರಲು ಹಿಡಿದು, ಅಂಟಿದ ಅಂಚಿಗೆ ಉಗುರು ತೂರಿಸಿದಳು. ಅಂಚು ಮೆತ್ತಗಾಗಿ ಎದ್ದಿತು. ಒಳಗೆ ಬರೀ ಅಚ್ಚು, ಗಂಡನ ಕೆಂಪು ಪೆನ್ಸಿಲು. ಅದರ ಮುಂದಿನದನ್ನು ಬಿಡಿಸಿದಳು. ಬರೀ ಅಚ್ಚು. ಇದೊಂದರಲ್ಲಿ ಇರುತ್ತದೆ, ಇದರಲ್ಲೇ ಇಟ್ಟಿರುತ್ತಾಳೆ, ಎಂದು ಬೆರಳು ಸುಡುತ್ತಿದ್ದರೂ ಇನ್ನೊಂದನ್ನು, ಮತ್ತೊಂದನ್ನು. ಒಂದು ಫೋಟೋ ಸಿಕ್ಕಿಬಿಟ್ಟರೆ ಸಾಕು ಎನ್ನಿಸತೊಡಗಿತು. ಯಾರದಾದರೂ ಆಗಲಿ. ಸಿಕ್ಕರೆ ತಾನು ಬಂದದ್ದಕ್ಕೆ, ಚಹಾದ ಚರಟ ಎಣಿಸಿದ್ದಕ್ಕೆ, ಹುಡುಗನಿಗೆ ಉಪ್ಪಿಟ್ಟು ಇಲ್ಲವೆಂದದ್ದಕ್ಕೆ ಒಂದು ಅರ್ಥವಾದರೂ ಬರುತ್ತದೆ. ಎಚ್ಚರಾಗುವ ಹೊತ್ತಿಗೆ ಚಹಾದ ಕಂದು, ಕುಂಕುಮದ ಕೆಂಪು ಎಲ್ಲ ಕರಗಿ ಅವಳ ಮೊಣಕೈವರೆಗೆ ಇಳಿದಿತ್ತು. ಜರಿಯ ಸರಳುಗಳ ಕಿಟಕಿ ಹರಿದು ಇಡ್ಲಿ ಪಾತ್ರೆಯ ನೀರಿನಲ್ಲಿ ತೇಲುತ್ತಿತ್ತು.

ಒರೆಸಿದಳು. ಒರೆಸಿದಷ್ಟೂ ಹಾಳೆ ಮುದ್ದೆಯಾಗಿ ಎದ್ದು ಬಂತು. ಫ್ಯಾನಿನ ಕೆಳಗೆ ಹರವಿದಳು, ಕೂತಳು. ಹರಿಣಿ ಬಂದಾಗಲೂ ಹಾಗೇ ಕೂತಿದ್ದಳು. ಮಗಳು ಕೂಗಾಡುತ್ತಾಳೆ ಎಂದುಕೊಂಡಿದ್ದಳು. ಹರಿಣಿ ಹೆಗಲ ಚೀಲ ಇಳಿಸಿ, ಒಲೆಯನ್ನು ನೋಡಿ, ತಾಯಿಯ ಕೈ ನೋಡಿ, ಎದುರಿಗೆ ಚಾಪೆಯ ಮೇಲೆ ಕೂತಳು.

“ಏನ್ ಸಿಕ್ತಮ್ಮ?”

“ಏನೂ ಇಲ್ಲ.”

“ಏನಿರುತ್ತೆ ಅಂದ್ಕೊಂಡಿದ್ದೆ? ಪೃಥ್ವಿ ಫೋಟೋನಾ?” ಹರಿಣಿಯ ದನಿ ಕೀಟಲೆಯಂತಿತ್ತು, ಕಣ್ಣು ಹಾಗಿರಲಿಲ್ಲ. “ಪಾಪ, ಅವನಿಗೆ ಊರಲ್ಲಿ ಅತ್ತೆ ಮಗಳು ಕಾಯ್ತಾ ಇದಾಳೆ.”

“ಮತ್ತೆ ಯಾಕೆ ಅಂಟಿಸಿದ್ದು? ಒಳಗೇನೂ ಇಲ್ದೆ ಯಾರಾದ್ರೂ ಅಂಟಿಸ್ತಾರಾ?”

“ಒಂದೇ ಹಾಳೆ ಬಣ್ಣ ತಡೆಯಲ್ಲಮ್ಮ. ಹಳೇ ಕಾಗದ. ಒದ್ದೆ ಆದ್ರೆ ಹರಿದು ಬರುತ್ತೆ. ಎರಡು ಮೂರು ಸೇರಿಸಿ ಅಂಟಿಸಿದ್ರೆ ಗಟ್ಟಿ ಆಗುತ್ತೆ. ಅಷ್ಟೇ. ಮಂಡಿ ಹೌಸ್ ಹತ್ರ ಚಿತ್ರಕಲೆ ಕ್ಲಾಸಲ್ಲಿ ಮೊದಲನೇ ದಿನಾನೇ ಹೇಳ್ಕೊಡೋದು ಅದು. ಹಳೇ ಪುಸ್ತಕ ತಗೊಂಡು, ಅದರೊಳಗೇ ನಮ್ಮ ದಿನಚರಿ ಮಾಡೋದು. ಬರೆಯೋದ್ರ ಬದ್ಲು ಅಂಟಿಸೋದು, ಬಳಿಯೋದು.”

“ಮಂಡಿ ಹೌಸ್? ಭಾನುವಾರ ಟೆಸ್ಟ್ ಅಂತ...”

“ಹೂಂ. ಅದೇ ಟೆಸ್ಟ್.”

ಅಂದರೆ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ. ರತ್ನಮ್ಮನಿಗೆ ಒಂದು ಕ್ಷಣ ಸಮಾಧಾನವೇ ಆಯಿತು. ಆದದ್ದಕ್ಕೆ ನಾಚಿಕೆಯೂ ಆಯಿತು. “ಹಾಗಾದ್ರೆ ಪರೀಕ್ಷೆ? ಮೊದಲನೇದು ಪಾಸಾಗಿದೀನಿ ಅಂದಿದ್ದು?”

“ಪ್ರಿಲಿಮ್ಸ್ ಆಗಿದ್ದು ನಿಜ. ಮೇನ್ಸ್ ಬರೆಯಲ್ಲ.” ಹರಿಣಿ ಒದ್ದೆ ಹಾಳೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. “ಎಷ್ಟು ಸಲ ಕೂತು ನೋಡ್ದೆ ಗೊತ್ತಾ? ಪುಸ್ತಕ ತೆಗೆದ್ರೆ ಅಪ್ಪನ ಪೆನ್ಸಿಲ್ ಗೆರೆ. ಕಣ್ಣು ಮುಚ್ಚಿದ್ರೂ ಅದೇ. ಇದನ್ನ ಕತ್ತರಿಸೋಕೆ ಶುರು ಮಾಡಿದ ದಿನ ನಂಗೆ ಚೆನ್ನಾಗಿ ನಿದ್ದೆ ಬಂತು.”

“ಮತ್ತೇನು ಮಾಡ್ತೀಯ?”

“ಗೊತ್ತಿಲ್ಲಮ್ಮ. ಬರಿ ಅಪ್ಪನಿಗೆ, ಓದ್ತಿಲ್ಲ ಅಂತ. ಅದಕ್ಕೇ ಅಲ್ವಾ ನಿನ್ನ ಕಳ್ಸಿರೋದು?”

ರತ್ನಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಯಾರು ಹೇಳಿದ್ರು ನಿಂಗೆ?”

“ಅಕ್ಕಿ ಡಬ್ಬದಲ್ಲಿ ಯಾರಾದ್ರೂ ಇನ್‌ಲ್ಯಾಂಡ್ ಲೆಟರ್ ಇಡ್ತಾರೇನಮ್ಮ? ನೀ ಬಂದ ವಾರಾನೇ ನೋಡ್ದೆ. ಆಮೇಲಿಂದ ದಿನಾ ನೋಡ್ತಿದ್ದೆ, ಇವತ್ತು ಒಂದು ಕಮ್ಮಿ ಆಯ್ತಾ ಅಂತ.”

“ಗೊತ್ತಿದ್ದೂ ನನ್ನ ಜತೆ...”

“ಗೊತ್ತಿದ್ದೂ ನೀ ಮಾಡಿದ್ದು ತಿಂದೆ. ಏನ್ ಮಾಡ್ಲಿ, ಇಲ್ಲಿ ಮೆಸ್ ಊಟ ಅಷ್ಟು ಕೆಟ್ಟದಾಗಿದೆ.” ನಗಲು ಹೋದ ಹುಡುಗಿ ಮುಖ ತಿರುಗಿಸಿದಳು. ಎದ್ದು ಬಾಲ್ಕನಿಗೆ ಹೋದಳು. ಕೆಳಗೆ ಮನೆಯ ಒಡತಿ ಯಾರಿಗೋ ಪಂಜಾಬಿಯಲ್ಲಿ ಗದರುತ್ತಿದ್ದಳು.

ರತ್ನಮ್ಮ ಮಗಳ ಬೆನ್ನನ್ನು ನೋಡಿದಳು. ಅಷ್ಟು ದಿನದಿಂದ ಅದೇ ಬೆನ್ನನ್ನು ನೋಡಿದ್ದಳು. ಆ ಬೆನ್ನೂ ತನ್ನನ್ನು ನೋಡುತ್ತಿತ್ತು. ಒಂದೇ ಕೋಣೆ, ಒಂದೇ ಹಾಸಿಗೆ, ಇವಳು ಅವಳ ದಿಂಬು ಎತ್ತುವುದು, ಅವಳು ಇವಳ ಡಬ್ಬದ ಮುಚ್ಚಳ ತೆಗೆಯುವುದು. ನಡುವೆ ಸಾರು ಚೆನ್ನಾಗಿದೆಯಾ, ಇನ್ನೊಂದಿಷ್ಟು ಹಾಕಲೇ ಎಂಬ ಮಾತು. ಈಗಲಾದರೂ ನಿಜ ಹೇಳುತ್ತಿದ್ದಾಳೋ, ಅಥವಾ ತಾನು ಕರಗಲಿ ಎಂದು ಹೀಗೆ ಕೂತಳೋ ಎಂಬ ಹುಳ ಅಷ್ಟು ಹೊತ್ತಿನಲ್ಲೂ ತಲೆಯೆತ್ತಿತು. ಅದು ಮಗಳ ಹುಳವಲ್ಲ, ತನ್ನದು. ಗಂಡ ಕೊಟ್ಟು ಕಳಿಸಿದ್ದೂ ಅಲ್ಲ. ಅವರು ಕಾಗದ ಕೊಟ್ಟರು ಅಷ್ಟೇ, ಹುಳ ಮೊದಲೇ ಇತ್ತು, ಅವರಿಗೆ ಅದು ಗೊತ್ತಿತ್ತು, ಅದಕ್ಕೇ ಅವಳನ್ನು ಕಳಿಸಿದ್ದು. ಸುಮ್ಮನೆ ಓದುತ್ತಿದ್ದಾಳೆ ಎಂದು ಬರೆದರೆ ದೀಪಾವಳಿ ದಾಟುತ್ತದೆ. ಆಮೇಲೆ ಪರೀಕ್ಷೆಯ ಫಲಿತಾಂಶ, ಮತ್ತೆ ಇನ್ನೊಂದು ಸುಳ್ಳು, ಅದರ ಮೇಲೆ ಕಣ್ಣಿಡಲು ಇನ್ಯಾರೋ. ನಿಜ ಬರೆದರೆ ಹಿತ್ತಲಿನಲ್ಲಿ ಗೋಡೆ ಹಿಡಿದು ಬಾಗಿದ್ದ ಹುಡುಗಿ.

ಬೆಳಿಗ್ಗೆ ಹರಿಣಿ ಸ್ನಾನಕ್ಕೆ ಹೋದಾಗ ರತ್ನಮ್ಮ ಅಕ್ಕಿ ಡಬ್ಬದಿಂದ ಒಂದು ಇನ್‌ಲ್ಯಾಂಡ್ ತೆಗೆದು, ಮಗಳ ಮೇಜಿನ ಮುಂದೆ, ಮಗಳ ಕುರ್ಚಿಯಲ್ಲೇ ಕೂತಳು. ಅಕ್ಷರಗಳು ಎಂದಿನಂತೆ ಒಂದು ದಪ್ಪ, ಒಂದು ಸಣ್ಣ. ‘ಪೂಜ್ಯರಾದ ನಿಮಗೆ ರತ್ನಳ ನಮಸ್ಕಾರ. ಇತ್ತ ಕ್ಷೇಮ. ಮಗು ಪರೀಕ್ಷೆ ಬರೆಯುವುದಿಲ್ಲ. ಇದು ನಾನು ಪತ್ತೆ ಹಚ್ಚಿದ್ದಲ್ಲ, ಅವಳೇ ನನಗೆ ಹೇಳಿದ್ದು. ಚಳ್ಳಕೆರೆಯವರಿಗೆ ಇಲ್ಲ ಎಂದು ಹೇಳಿಬಿಡಿ. ಆ ಹುಡುಗನ ಮುಂದೆ ಅವಳನ್ನು ಇನ್ನೊಂದು ಸಲ ನಾನು ಕೂರಿಸುವುದಿಲ್ಲ. ಅವಳಿಗೆ ಒಂದು ದಾರಿ ಕಾಣುವವರೆಗೆ ನಾನೂ ಇಲ್ಲೇ ಇರುತ್ತೇನೆ, ಅಡುಗೆ ಮಾಡಿಕೊಂಡು. ಕಣ್ಣಿಡುವ ಕೆಲಸ ಇನ್ನು ನನ್ನಿಂದ ಆಗುವುದಿಲ್ಲ. ಅವಳ ವಿಷಯ ಏನಿದ್ದರೂ ಅವಳನ್ನೇ ಕೇಳಿ. ನಿಮ್ಮ ಕೆಂಪು ಪುಸ್ತಕದ ಹಾಳೆಗಳು ಹಾಳಾಗಿವೆ. ಹಾಳು ಮಾಡಿದವಳು ನಾನು.’ ಜಾಗ ಇನ್ನೂ ಅರ್ಧ ಉಳಿದಿತ್ತು. ಇನ್ನೇನೂ ತೋಚಲಿಲ್ಲ.

ತಲೆಗೆ ಟವೆಲು ಸುತ್ತಿಕೊಂಡು ಬಂದ ಹರಿಣಿ ಬಾಗಿಲಲ್ಲೇ ನಿಂತಳು. ತಾಯಿಯ ಕೈಯಲ್ಲಿನ ನೀಲಿ ಕಾಗದವನ್ನು ಅವಳು ನೋಡಿದ ರೀತಿ ರತ್ನಮ್ಮನಿಗೆ ಗುರುತು ಸಿಕ್ಕಿತು. ಟಿಕೆಟ್ಟುಗಳನ್ನು ತಿರುಗಿಸುವಾಗ ತಾನು ಹಾಗೆಯೇ ನೋಡಿರಬೇಕು.

“ಬರೆದ್ಯಾ?”

“ಬರೆದೆ. ತಗೋ, ಓದು. ಇನ್ನೂ ಅಂಟಿಸಿಲ್ಲ.”

ಹರಿಣಿ ಕಾಗದ ಇಸಿದುಕೊಂಡಳು. ಅದನ್ನು ಹಿಡಿದ ಬೆರಳುಗಳು ಬಿಡಿಸಲು ಹೋಗಿ, ನಿಂತವು. ಆಮೇಲೆ ಅವಳು ಓದದೆಯೇ ಕಾಗದವನ್ನು ಮಡಚಿ, ಗೋಂದಿನ ಅಂಚನ್ನು ನಾಲಿಗೆಯಿಂದ ಒದ್ದೆ ಮಾಡಿ, ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿದಳು.

“ಚಲೋ,” ಎಂದಳು. “ಪೋಸ್ಟ್ ಡಬ್ಬಿವರೆಗೆ ನಾನೂ ಬರ್ತೀನಿ. ಶಂಕರ್ ರೋಡ್ ದಾಟೋಕೆ ನಿಂಗೆ ಬರಲ್ಲ.”

ರಸ್ತೆ ದಾಟುವಾಗ ಹರಿಣಿ ತಾಯಿಯ ತೋಳು ಹಿಡಿದುಕೊಂಡಿದ್ದಳು, ಏನು ಬರೆದಿದ್ದಿ ಎಂದು ಕೇಳಲಿಲ್ಲ. ಕೆಂಪು ಡಬ್ಬಿಯ ಮೈಗೆಲ್ಲ ಕೋಚಿಂಗಿನ ಜಾಹೀರಾತು ಅಂಟಿಸಿದ್ದರು. ಬಾಯಿಗೂ ಅಡ್ಡವಾಗಿ ಒಂದು ಚೂರು. ರತ್ನಮ್ಮ ಅದನ್ನು ಉಗುರಿನಿಂದ ಕಿತ್ತು ಕಾಗದವನ್ನು ತೂರಿಸಿದಳು, ಕೈ ಬಿಟ್ಟಳು. ಬಸ್ಸುಗಳ ಗದ್ದಲದಲ್ಲಿ ಬಿದ್ದ ಸದ್ದು ಕೇಳಿಸಲಿಲ್ಲ. ಒಳಗೆ ಬಿತ್ತೋ, ಅಂಚಿಗೇ ಸಿಕ್ಕಿಕೊಂಡಿತೋ ಎಂದು ಬೆರಳುಗಳನ್ನು ಒಳಗೆ ತೂರಿಸಿ ಆಚೀಚೆ ಆಡಿಸಿ ನೋಡಿದಳು. ಬೆರಳಿಗೆ ಏನೂ ಸಿಗಲಿಲ್ಲ.